ಕರೆಯಬಾರದ ಹಬ್ಬಕ್ಕೆ ಕರೆ

ದ್ರಾಗಿನ್ಯಾ ನಮ್ಮ ಮೇಲಿನ ಮಹಡಿಯಲ್ಲಿದ್ದಳು. ಸರ್ಬಿಯಾದ ಪಿರೋಟ್‌ನ ಒಂದು ಶಿಶುವಿಹಾರದಲ್ಲಿ ಅಡುಗೆಯವಳು. ಮಾತು ಕಡಿಮೆ, ಕೈ ದೊಡ್ಡದು. ಗಂಡ ಮಿಲಾದಿನ್ ಬದುಕಿದ್ದಾಗ ಆ ಮನೆತನದ ಸಂತ ದಿಮಿತ್ರಿಯ ಸ್ಲಾವಾ ಹಬ್ಬಕ್ಕೆ ಅವಳ ಎರಡು ಕೋಣೆಗಳಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೆಟ್ಟಿಲ ಮೇಲೂ ಕೂತು, ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸಿದ ಸರ್ಮಾ ತಿಂದವರನ್ನು ನಾನು ಕಂಡಿದ್ದೇನೆ.

ಮಿಲಾದಿನ್ ಹೋಗಿ ವರ್ಷ ತುಂಬುತ್ತಲೇ ಅವನ ತಮ್ಮ ರಾದೊಯೆ ಬಂದ.

"ಅತ್ತಿಗೆ, ಹಬ್ಬದ ರೊಟ್ಟಿ ಮುರಿಯೋಕೆ ಗಂಡಸಿಲ್ಲದ ಮನೇಲಿ ಸ್ಲಾವಾ ಯಾಕೆ? ಸಂತನ ಪಟ ನಮ್ಮನೇಲಿರ್ಲಿ."

"ಬರೋರು ಇಲ್ಲಿಗೇ ಬರ್ತಾರಪ್ಪ."

"ಆಯ್ತು. ಈ ಸಲ ಬಂದ್ರೆ ಪಟ ನಿಮ್ದೇ. ಬರ್ಲಿಲ್ವೋ, ನಾನೇ ಎತ್ಕೊಂಡೋಗ್ತೀನಿ."

ಅವಳು ಒಪ್ಪಿದಳು. ಜನರ ಮೇಲೆ ಅಷ್ಟು ನಂಬಿಕೆಯಿತ್ತು.

ಅದೇ ಶರತ್ಕಾಲದಲ್ಲಿ ಶಿಶುವಿಹಾರಕ್ಕೆ ಅಂತರ್ಜಾಲದ ಹೊಸ ಕ್ಯಾಲೆಂಡರ್ ಬಂತು. ಎಲ್ಲರೂ ಅದನ್ನು ಬಳಸಿ ನೋಡಬೇಕು, ರಜೆ ಬೇಕಿದ್ದರೆ ಅದರಲ್ಲೇ ಗುರುತು ಹಾಕಬೇಕು ಎಂದು ಅಲ್ಲಿನ ಮುಖ್ಯಸ್ಥೆ ಮೇಡಂ ಅಪ್ಪಣೆ ಮಾಡಿದರು. ಕಚೇರಿಯಲ್ಲಿ ಕೂರುತ್ತಿದ್ದವಳು ರಾದೊಯೆಯ ಹೆಂಡತಿ ವೆಸ್ನಾ. ದ್ರಾಗಿನ್ಯಾ ಹಿಟ್ಟಿನ ಕೈ ಒರೆಸಿಕೊಂಡು ಅವಳ ಪಕ್ಕ ಕೂತಳು. ಒಂದೇ ಬೆರಳಿನಲ್ಲಿ 'ನಮ್ಮನೆ ಸ್ಲಾವಾ' ಎಂದು ಬರೆದಳು.

"ಪ್ರತಿ ವರ್ಷ ಅಂತ ಒತ್ತಿ ಅಕ್ಕ. ಆಮೇಲೆ ನಿಮ್ಮ ಫೋನಲ್ಲಿರೋ ಹೆಸರೆಲ್ಲಾ ಸೇರಿಸ್ಕೊಳ್ಳಿ."

"ಅದ್ಯಾಕೆ?"

"ಎಲ್ರಿಗೂ ದಿನ ನೆನಪಿರುತ್ತೆ, ಅಷ್ಟೇ."

ಒತ್ತಿದಳು. ಮಧ್ಯಾಹ್ನದೊಳಗೆ ಊರೆಲ್ಲರ ಫೋನಿನಲ್ಲಿ ಅವಳ ಹೆಸರಿನಿಂದ ಕರೆಯೋಲೆ ಬಿದ್ದಿತ್ತು: ಬರುತ್ತೀರಾ, ಇಲ್ಲವಾ?

ಸ್ಲಾವಾಗೆ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ. ಬಾಗಿಲು ತೆರೆದಿರುತ್ತದೆ, ಬರುವವರು ಬರುತ್ತಾರೆ. ವರ್ಷವರ್ಷವೂ ಬಂದವನನ್ನು ಕರೆಯುವುದೆಂದರೆ ನೀನು ಹೊರಗಿನವನು ಎಂದ ಹಾಗೆ.

ಮೊದಲು ಮುನಿದವನು ಅವಳ ಮದುವೆಗೆ ಸಾಕ್ಷಿ ನಿಂತಿದ್ದ ಸ್ತಾನಿಮಿರ್. ಚರ್ಚಿನ ಅಂಗಳದಲ್ಲಿ ಎಲ್ಲರೆದುರೇ ಹೇಳಿದ.

"ಮಿಲಾದಿನ್ ಶವಪೆಟ್ಟಿಗೆಗೆ ಹೆಗಲು ಕೊಟ್ಟೋನು ನಾನು. ನನ್ಗೂ ಚೀಟಿ ಬೇಕಾ? ಮುಂದಿನ ಸಲ ಟಿಕೆಟ್ ಇಡ್ತಾಳೇನೋ."

ಜನ ನಕ್ಕರು. ಅವನು ಅಲ್ಲೇ 'ಇಲ್ಲ' ಒತ್ತಿದ. ಹೆಸರಿನ ಮುಂದೆ ಕೆಂಪು ಗುರುತು ಮೂಡಿದ್ದು ಎಲ್ಲರ ಫೋನಿನಲ್ಲೂ ಕಂಡಿತು. ಹಿಂದೆ ಬಾರದವರು ಸುಮ್ಮನೆ ಬರುತ್ತಿರಲಿಲ್ಲ. ಈಗ ಬೇಡವೆನ್ನಲು ಒಂದು ಗುಂಡಿ ಸಿಕ್ಕಿತ್ತು. ಒಬ್ಬರನ್ನು ನೋಡಿ ಒಬ್ಬರು ಒತ್ತಿದರು. ಹಾಲು, ಮೊಟ್ಟೆ ತಂದುಕೊಡುವವನು ಕೂಡ.

ದ್ರಾಗಿನ್ಯಾ ಮನೆಮನೆಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದಳು. "ಇರ್ಲಿ ಬಿಡಮ್ಮ" ಎಂದರು, ಬಾಗಿಲಲ್ಲೇ ನಿಲ್ಲಿಸಿ.

ಆದರೂ ಹಬ್ಬದ ದಿನ ಅವಳು ಮನೆ ತುಂಬುವಷ್ಟೇ ಸರ್ಮಾ ಸುತ್ತಿದ್ದಳು. ಹಬ್ಬಕ್ಕೆಂದು ಬೇಯಿಸಿದ ಗೋಧಿಯ ಮೇಲೆ ಸಕ್ಕರೆಯಲ್ಲಿ ಶಿಲುಬೆ ಬಿಡಿಸಿದ್ದಳು. ನನ್ನ ಬಳಿ ಫೋನಿಲ್ಲ, ಆದ್ದರಿಂದ ನನಗೆ ಕರೆ ಬಂದಿರಲಿಲ್ಲ. ನಾನು ಹೋದೆ. ಪಾದ್ರಿಗಳು ಬಂದು ಹರಸಿ, ನಿಂತುಕೊಂಡೇ ಒಂದು ಚಮಚ ಗೋಧಿ ತಿಂದು ಬೇರೆ ಮನೆಗೆ ಹೊರಟರು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗಲೆಲ್ಲ ಅವಳು ಎದ್ದು ಏಪ್ರನ್ ಸರಿಮಾಡಿಕೊಳ್ಳುತ್ತಿದ್ದಳು. ಹೆಜ್ಜೆಗಳು ಮೇಲಕ್ಕೋ ಕೆಳಕ್ಕೋ ಸಾಗಿಬಿಡುತ್ತಿದ್ದವು.

ಕೊನೆಗೆ ಬಂದವರು ರಾದೊಯೆ, ವೆಸ್ನಾ. ರಾದೊಯೆ ತಟ್ಟೆಗಳ ಸಾಲನ್ನು ನೋಡಿದ. ಮೇಣದಬತ್ತಿಯನ್ನು ವೈನ್ ಹನಿಸಿ ಆರಿಸಿದ. ಅದು ಮನೆಯ ಯಜಮಾನ ಮಾಡುವ ಕೆಲಸ. ಆಮೇಲೆ ಗೋಡೆಯಿಂದ ಪಟ ಇಳಿಸಿ ಕಂಕುಳಲ್ಲಿಟ್ಟುಕೊಂಡ.

"ಸರ್ಮಾ ಹಾಳಾಗೋದು ಬೇಡ ಅಕ್ಕ" ಎಂದು ವೆಸ್ನಾ ಪಾತ್ರೆಯನ್ನೂ ಎತ್ತಿಕೊಂಡಳು.

ದ್ರಾಗಿನ್ಯಾ ಮುಚ್ಚಳ ಹುಡುಕಿ ಕೊಟ್ಟಳು.

ಮರುವರ್ಷ ಅದೇ ವಾರ ಎಲ್ಲರ ಫೋನೂ ಮತ್ತೆ ಸದ್ದು ಮಾಡಿತು. ಅವಳೇ ಒತ್ತಿದ್ದ 'ಪ್ರತಿ ವರ್ಷ.' ಅಳಿಸುವುದು ಅವಳಿಗೆ ತಿಳಿದಿರಲಿಲ್ಲ, ಕಲಿಸುವವರೂ ಇರಲಿಲ್ಲ. ಕೆಟ್ಟದ್ದಾಗಲಿಲ್ಲ ಬಿಡು, ದಿನ ನೆನಪಾಯಿತು ಎಂದರು ಜನ. ಒಳ್ಳೆಯ ಬಟ್ಟೆ ಹಾಕಿಕೊಂಡು ರಾದೊಯೆಯ ಮನೆಗೆ ಹೊರಟರು. ಸ್ತಾನಿಮಿರ್ ಎಲ್ಲರಿಗಿಂತ ಮುಂದೆ.

ನಾನು ಮೇಲೆ ಹೋದೆ. ಪಟವಿದ್ದ ಜಾಗದಲ್ಲಿ ಗೋಡೆ ಬೆಳ್ಳಗಿತ್ತು. ಅವಳು ಆ ಬಿಳಿಯ ಮುಂದೆ ಬತ್ತಿ ಹಚ್ಚಿ, ಬಾಗಿಲು ತೆರೆದಿಟ್ಟು ಕೂತಿದ್ದಳು.