ಮೂರನೆಯ ಸಾಲಿನಲ್ಲಿ ಕೂತ ದಿನ

ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ನನ್ನ ಮಗ ಹೊಸ ಕಾರು ಕೊಳ್ಳುವ ವಿಚಾರ ಮಾಡಿದ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸೀತು. ಅವನದು ಬೋರ್‌ವೆಲ್ ಕೊರೆಯುವ ಧಂದೆ. ಬೀದರ್ ಸುತ್ತಮುತ್ತ ಬಾವಿಗಳು ಬತ್ತಿದಷ್ಟೂ ಅವನ ರಿಗ್ಗುಗಳಿಗೆ ಬಿಡುವಿರಲಿಲ್ಲ. ಊಟಕ್ಕೆ ಕೂತಾಗ ಇದು ನೆನಪಾಗಿ ನನ್ನ ತುತ್ತು ಕೈಯಲ್ಲೇ ಉಳಿದದ್ದುಂಟು. ಆದರೆ ತುತ್ತೂ ಅವನದೇ, ಏನು ಹೇಳಲಿ?

ನಮಗೆ ತೋರಿಸಲು ಬಂದದ್ದು ಮೂರು ಸಾಲಿನ ಲಕ್ಷುರಿ ಕ್ರಾಸೋವರ್. ಅಂಥ ಕಾರಿನ ಶೋರೂಮ್ ಬೀದರಿನಲ್ಲಿಲ್ಲ. ಹೈದರಾಬಾದಿನಿಂದ ಸೇಲ್ಸ್‌ಮನ್ ಒಬ್ಬ ಒಂದು ದಿನದ ಮಟ್ಟಿಗೆ ತಂದಿದ್ದ. ಮೈಗೆ ನಮ್ಮ ಕಾನ್ವೆಂಟಿನ ಬ್ಲೇಜರಿನ ಮರೂನ್ ಬಣ್ಣ, ಒಳಗೆಲ್ಲ ಕೆನೆಬಣ್ಣದ ಲೆದರ್. ಸೊಸೆ ತಿಂಗಳುಗಟ್ಟಲೆ ರಿವ್ಯೂ ಓದಿ ತಯಾರಾಗಿದ್ದಳು. ಮಧ್ಯದ ಸಾಲಿಗೆ ಬೆಂಚ್ ಸೀಟು ಒಳ್ಳೆಯದೋ ಕ್ಯಾಪ್ಟನ್ ಸೀಟೋ, ಹಿಂದಿನ ಸಾಲಿಗೂ ಎಸಿ ಗಾಳಿ ತಲುಪುತ್ತದೋ ಇಲ್ಲವೋ, ಮೂರೂ ಸಾಲು ತುಂಬಿದರೆ ಬ್ಯಾಗ್ ಎಲ್ಲಿಡುವುದು ಎಂದೆಲ್ಲ ಕೇಳುತ್ತಿದ್ದಳು. ಆ ಸೇಲ್ಸ್‌ಮನ್ ಪಾಪ, ಒಂದೊಂದಕ್ಕೂ ‘ಎಕ್ಸಲೆಂಟ್ ಕ್ವೆಶ್ಚನ್ ಮೇಡಂ’ ಅನ್ನುತ್ತಿದ್ದ.

ನನ್ನ ಮಗನ ಪರೀಕ್ಷೆ ಬೇರೆ. ಲೋಡ್ ಹಾಕದೆ ಯಾವ ಯಂತ್ರವನ್ನೂ ಒಪ್ಪಿಕೊಳ್ಳದಿರುವುದು ಅವನ ಧಂದೆಯ ಪದ್ಧತಿ. ಹೊಸ ಕಂಪ್ರೆಸರ್ ಬಂದರೆ ಕರಿಕಲ್ಲಿನ ನೆಲದಲ್ಲಿ ದಿನವಿಡೀ ಓಡಿಸಿ ನೋಡಿದ ಮೇಲೆಯೇ ಮಾತು. “ಖಾಲಿ ಗಾಡಿ ಎಲ್ಲಾ ಛಲೋನೇ ಓಡ್ತಾವ. ಏಳೂ ಸೀಟು ತುಂಬಿಸಿ ಭಾಲ್ಕಿ, ಔರಾದ್ ಸುತ್ತಿ ಬಂದ ಮ್ಯಾಗ ಹೇಳ್ತೇನಿ,” ಎಂದ. ಎಣಿಸಿದರೆ ಅವನು, ಸೇಲ್ಸ್‌ಮನ್, ಸೊಸೆ, ಇಬ್ಬರು ಮೊಮ್ಮಕ್ಕಳು, ನಾನು. ಇನ್ನೊಬ್ಬರು ಬೇಕಿತ್ತು.

ಆಗಲೇ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದ ಹೆಣ್ಣುಮಗಳು ಗಂಟು ಹಿಡಿದುಕೊಂಡು ಅಂಗಳಕ್ಕೆ ಬಂದಳು. ಠಾಣಾ ಕುಶನೂರಿನವಳು. ಊರಲ್ಲಿ ತೊಗರಿ ಒಣಗಿ ಕೂಲಿ ಇಲ್ಲದಾದಾಗ ಬೀದರಿಗೆ ಬಂದು ನಮ್ಮ ಹಿಂದಿನ ಕೋಣೆಯಲ್ಲಿದ್ದು, ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುವುದರಿಂದ ಹಿಡಿದು ಎಲ್ಲ ನೋಡಿಕೊಳ್ಳುತ್ತಿದ್ದಳು. ಗಂಡ, ಎಂಟನೆಯ ಕ್ಲಾಸಿನ ಮಗಳು ಊರಲ್ಲೇ. ಆ ಹಂಗಾಮಿಗೆ ಗಂಡ ಹೆಂಡತಿ ಇಬ್ಬರೂ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುವುದೆಂದು ಮುಕಾದಮನಿಗೆ, ಅಂದರೆ ಗುಂಪು ಕಟ್ಟಿ ಒಯ್ಯುವವನಿಗೆ, ಮಾತು ಕೊಟ್ಟಿದ್ದರು. ಮಗಳು ಅಜ್ಜಿಯ ಮನೆಯಲ್ಲಿದ್ದು ಶಾಲೆಗೆ ಹೋಗುವವಳಿದ್ದಳು. ಗುರುವಾರ ಹೊರಡಬೇಕಿದ್ದ ಟ್ರ್ಯಾಕ್ಟರ್ ಇವತ್ತೇ ಮಧ್ಯಾಹ್ನ ಹೊರಡುತ್ತದೆಂದು ಬೆಳಿಗ್ಗೆ ಫೋನ್ ಬಂದಿತ್ತು. ಅವಳು ಬಸ್ ಸ್ಟ್ಯಾಂಡಿಗೆ ಹೊರಟಿದ್ದಳು.

“ಬಸ್ಸ್ಯಾಕ? ನಾವೂ ಅಲ್ಲೇ ಹಾದು ಹೋಗ್ತೇವಿ. ಕುಂಡ್ರು, ಬಸ್ಸಿಗಿಂತ ಮೊದಲ ಇಳಸ್ತೇನಿ,” ಎಂದ ಮಗ. ಒಳ್ಳೆಯ ಮನಸ್ಸಿನಿಂದಲೇ ಅಂದ. ಏಳನೆಯ ಸೀಟೂ ತುಂಬಿತು.

ನನ್ನನ್ನು ಮೂರನೆಯ ಸಾಲಿಗೆ ಹತ್ತಿಸಿದ್ದು ಒಂದು ದೊಡ್ಡ ಪ್ರೋಗ್ರಾಮ್. ಅಲ್ಲಿಗೆ ಬೇರೆ ಬಾಗಿಲಿಲ್ಲ; ಮಧ್ಯದ ಸೀಟು ಮಡಚಿ, ಆ ಸಂದಿನಲ್ಲಿ ಬಗ್ಗಿ ಹೋಗಬೇಕು. ಮುದುಕರಿಗೆ ಅದು ಸಾಧ್ಯವೋ ಇಲ್ಲವೋ ಎಂಬುದೂ ಸೊಸೆಯ ಪ್ರಶ್ನೆಗಳಲ್ಲಿ ಒಂದಾಗಿತ್ತು. ಸೇಲ್ಸ್‌ಮನ್ ಕೈ ಹಿಡಿದ, ಕೆಲಸದವಳು ಹಿಂದಿನಿಂದ ಎತ್ತಿದಳು, ಮೊಮ್ಮಗಳು ವಿಡಿಯೋ ಮಾಡಿದಳು. ಪರೀಕ್ಷೆ ಕಾರಿಗೋ ನನ್ನ ಮೊಣಕಾಲಿಗೋ ತಿಳಿಯಲಿಲ್ಲ. ಅಂತೂ ಪಾಸಾದೆ. ಕೆಲಸದವಳು ನನ್ನ ಪಕ್ಕದಲ್ಲಿ, ಲೆದರಿಗೆ ಕೊಳೆ ಹತ್ತೀತೆಂದು ಸೀಟಿನ ತುದಿಯಲ್ಲಿ ಕೂತಳು.

ಕಾರು ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಹಲಬರ್ಗಾದ ಹತ್ತಿರ ರಸ್ತೆ ಕೆಟ್ಟಿದ್ದರೂ ಹೊಟ್ಟೆಯ ನೀರು ಅಲುಗಲಿಲ್ಲ. ಗಾಜಿನಾಚೆ ಬೂದಿಬಣ್ಣದ ಹೊಲಗಳು, ಒಂದು ಮೋಟಾರ್ ಸೈಕಲ್ಲಿಗೆ ನಾಲ್ಕಾರು ಕೊಡ ಕಟ್ಟಿಕೊಂಡು ಹೋಗುವವರು. ಒಳಗೆ ಫ್ರಿಜ್ಜಿನಂಥ ತಂಪು. ಆದರೆ ಮುಂದಿನವರ ಮಾತು ನಮಗೆ ಕೇಳುತ್ತಿತ್ತು, ನಮ್ಮದು ಅವರಿಗೆ ಕೇಳುತ್ತಿರಲಿಲ್ಲ. ಸೇಲ್ಸ್‌ಮನ್ ಮಗನ ಫೋನನ್ನು ಕಾರಿಗೆ ಜೋಡಿಸಿ ಸ್ಪೀಕರುಗಳ ಗುಣ ತೋರಿಸುತ್ತಿದ್ದ. ಸನ್‌ರೂಫ್ ತೆಗೆಸಿ ಮುಚ್ಚಿಸಿದರು, ಮೊಮ್ಮಕ್ಕಳ ಫೋಟೋಕ್ಕೆ ಒಂದು ಕಡೆ ನಿಲ್ಲಿಸಿದರು. ಅವಳು ಹೊತ್ತು ಎಷ್ಟಾಯಿತೆಂದು ನನ್ನ ವಾಚು ನೋಡುತ್ತಿದ್ದಳು.

ಒಂದು ದಿನ ತಡವಾಗಿ ಹೋದರೇನು ಎಂದು ನಾನು ಕೇಳಿದೆ. ನನ್ನ ಅಜ್ಞಾನಕ್ಕೆ ಅವಳು ಬೇಸರಿಸಲಿಲ್ಲ.

“ಕೊಯ್ತಾ ಅಂದ್ರ ಇಬ್ಬರು ಮಂದಿರಿ, ಆಯಿ. ಒಬ್ಬರು ಕಡೀಬೇಕು, ಒಬ್ಬರು ಕಟ್ಟಿ ಹೊರಬೇಕು. ಒಬ್ಬರಿಗಿ ಯಾರೂ ಒಯ್ಯಲ್ರಿ. ನಾ ಮುಟ್ಟಲಿಲ್ಲಂದ್ರ ಜೋಡಿ ಮಾಡ್ಲಿಕ್ಕ ಪೋರಿಗಿ ಹತ್ತಸ್ತಾರ.”

ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಗಂಡ ಹೆಂಡತಿ ಸೇರಿ ಒಂದು ಕತ್ತಿಯ ಲೆಕ್ಕ. ಹೆಂಡತಿ ಇಲ್ಲದಿದ್ದರೆ ಆ ಜಾಗ ಮಗಳಿಂದ ತುಂಬುತ್ತದೆ. ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ ಶಾಲೆಯ ವರ್ಷವೂ ಮುಗಿದಿರುತ್ತದೆ.

ಭಾಲ್ಕಿಯಲ್ಲಿ ಸೊಸೆಯ ತವರು. ಐದೇ ನಿಮಿಷ, ಕಾರು ತೋರಿಸಿ ಬಂದುಬಿಡುತ್ತೇವೆ ಅಂದರು. ನನ್ನನ್ನು ಇಳಿಸಿ ಮತ್ತೆ ಹತ್ತಿಸುವ ತ್ರಾಸು ಬೇಡವೆಂದು ಎಂಜಿನ್, ಎಸಿ ಚಾಲೂ ಇಟ್ಟು, ಮಧ್ಯದ ಬಾಗಿಲು ಹಾಕಿ ಒಳಗೆ ಹೋದರು. ಸೇಲ್ಸ್‌ಮನ್ನನನ್ನೂ ಚಹಾಕ್ಕೆ ಎಳೆದುಕೊಂಡು ಹೋದರು. ತವರಿಗೆ ಬಂದ ಮಗಳು ಹೊಸ್ತಿಲಿನಿಂದ ಹಾಗೆಯೇ ಹೊರಳುವಂತಿಲ್ಲ. ಉಡಿ ತುಂಬಬೇಕು, ಸುಸಲಾ ತಿನ್ನಬೇಕು, ಕಾರಿಗೊಂದು ತೆಂಗಿನಕಾಯಿ ಹುಡುಕಬೇಕು, ಇನ್ನೂ ಕೊಂಡಿರದ ಕಾರಾದರೂ. ನಾನೂ ಈ ಸೀಮೆಯ ಸೊಸೆಯೇ, ಐದು ನಿಮಿಷದ ಅರ್ಥ ನನಗೆ ಗೊತ್ತಿತ್ತು.

ನನ್ನ ಪಕ್ಕದಲ್ಲಿದ್ದವಳಿಗೆ ಗಂಡನ ಫೋನ್ ಬಂತು. ಟ್ರ್ಯಾಕ್ಟರ್ ಬಂದು ನಿಂತಿದೆ, ಮುಕಾದಮ ಗಡಿಬಿಡಿ ಮಾಡುತ್ತಿದ್ದಾನೆ. ಭಾಲ್ಕಿಯಲ್ಲಿದ್ದೇನೆ, ಕಾರಿನಲ್ಲೇ ಇದ್ದೇನೆ, ಈಗ ಬಂದೆ, ಪೋರಿಗೆ ಏನೂ ಹೇಳಬೇಡ ಎಂದು ಅವಳು ಮೆಲ್ಲಗೆ ಹೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

ನಾನು ಮಗನಿಗೆ ಫೋನ್ ಮಾಡಿದೆ. ರಿಂಗು ಕೇಳಿಸಿದ್ದು ನಮ್ಮ ಕಾರಿನೊಳಗೇ. ಮುಂದಿನ ದೊಡ್ಡ ಸ್ಕ್ರೀನಿನ ಮೇಲೆ ‘ಮಮ್ಮಿ’ ಎಂದು ಮೂಡಿ, ಅಷ್ಟೂ ಸ್ಪೀಕರುಗಳಿಂದ ಸಂಗೀತ ಹೊರಟಿತು. ಅವನ ಫೋನು ಕಾರಿಗೆ ಜೋಡಿಸಿದ್ದು ಹಾಗೆಯೇ ಮುಂದೆ ಬಿದ್ದಿತ್ತು. ಎರಡನೆಯ ಸಲ ಮಾಡಿದೆ, ಮತ್ತೆ ನನ್ನನ್ನೇ ನಾನು ಕರೆದೆ. ಸೊಸೆಯ ಫೋನು ಮುಂದಿನ ಸೀಟಿನಲ್ಲಿ ಚಾರ್ಜಿಗೆ ಬಿದ್ದಿತ್ತು. ಗಾಜು ಬಡಿದೆ. ಸೌಂಡ್‌ಪ್ರೂಫ್ ಕ್ಯಾಬಿನ್ ಎಂದು ಬೆಳಿಗ್ಗೆ ಹೊಗಳಿದ್ದು ಸುಳ್ಳಾಗಿರಲಿಲ್ಲ.

ಸೀಟು ದಾಟಿ ಹೋಗು ಎಂದೆ. ಅವಳು ಚಪ್ಪಲಿ ಬಿಚ್ಚಿದಳು, ಪಾದವನ್ನು ಸೆರಗಿನಿಂದ ಒರೆಸಿಕೊಂಡಳು, ಆಮೇಲೆ ಮಧ್ಯದ ಸಾಲಿಗೆ ಇಳಿದಳು. ಮಕ್ಕಳಿದ್ದಾರೆಂದು ಚೈಲ್ಡ್ ಲಾಕ್ ಹಾಕಿದ್ದರು, ಬಾಗಿಲು ಒಳಗಿನಿಂದ ತೆಗೆಯಲಿಲ್ಲ. ಮುಂದೆ ಬಗ್ಗಿ ಹಾರ್ನ್ ಒತ್ತು ಎಂದೆ. ಗಾಡಿ ಹೊರಟುಬಿಟ್ಟರೆ ಎಂದು ಹೆದರಿದಳು. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ದನಿ ಎತ್ತದಂತೆ ಕಲಿಸಿದ್ದರು. ಆ ದಿನ ನಾನು ಅವಳ ಮೇಲೆ ಒದರಿದೆ. ಅವಳು ಕಣ್ಣು ಮುಚ್ಚಿಕೊಂಡು ಒತ್ತಿದಳು.

ಮಗ ನಗುತ್ತ ಹೊರಗೆ ಬಂದ. “ಏನ್ ಮಮ್ಮಿ, ಬೋರ್ ಆಯ್ತಾ?” ನಾನು ಹೇಳಿದೆ. ಅವನ ನಗು ಹೋಯಿತು. ಯಾವ ಶಾಸ್ತ್ರಕ್ಕೂ ಕಾಯದೆ ಎಲ್ಲರನ್ನೂ ಹತ್ತಿಸಿದ. ಭಾಲ್ಕಿ ದಾಟಿದ ಮೇಲೆ ಆ ಕಾರು ತನ್ನ ನಿಜವಾದ ಓಟ ತೋರಿಸಿತು. ಎದುರಿಗೆ ಜೋಳದ ಕಣಿಕೆ ಹೇರಿದ ಬಂಡಿ ಬಂದಾಗಲೆಲ್ಲ ಅವಳ ಕೈ ನನ್ನ ತೊಡೆಯನ್ನು ಹಿಡಿಯುತ್ತಿತ್ತು.

ಠಾಣಾ ಕುಶನೂರಿನ ಶಾಲೆಯ ಮುಂದೆ ಟ್ರ್ಯಾಕ್ಟರ್ ಇರಲಿಲ್ಲ. ನೆಲದ ಮೇಲೆ ಒಲೆಯ ಕಲ್ಲು, ಹರಿದ ಚೀಲ, ಯಾರದೋ ಕೋಳಿ ಮುಚ್ಚುವ ಪುಟ್ಟಿ. ಕಟ್ಟೆಯ ಮೇಲಿದ್ದ ಮುದುಕಿ, ಅವಳ ಅತ್ತೆ, ಎದ್ದು ಬಂದು ಮೊದಲು ಕಾರನ್ನು ನೋಡಿದಳು, ಆಮೇಲೆ ಇವಳನ್ನು.

“ಈಗರೇ ಹೋದ್ರವ್ವ. ಪೋರಿ ಹತ್ಯಾಳ. ಸಾಲಿ ಬಟ್ಟಿ ಮ್ಯಾಗೇ ಹತ್ಯಾಳ, ಬದಲಸ್ಲಿಕ್ಕ ಬಿಡಲಿಲ್ಲ ಆ ಮುಕಾದಮ.”

ಅವಳು ಅಳಲಿಲ್ಲ. ಯಾವ ದಾರಿ ಹಿಡಿದರು ಎಂದಷ್ಟೇ ಕೇಳಿದಳು. ಗಂಡನ ಫೋನು ಸ್ವಿಚ್ ಆಫ್ ಆಗಿತ್ತು. ಮಗ ಅವಳನ್ನು ಮತ್ತೆ ಕೂರಿಸಿಕೊಂಡು ಉದಗೀರ್ ಕಡೆಗೆ ಗಾಡಿ ಹೊಡೆದ. ಟ್ರಾಲಿ ಕಟ್ಟಿದ ಟ್ರ್ಯಾಕ್ಟರ್ ಎಷ್ಟು ಓಡೀತು, ಹಿಡಿದೇ ಹಿಡಿಯುತ್ತೇವೆ ಎಂದ. ಆದರೆ ಅಂಥ ಟ್ರ್ಯಾಕ್ಟರುಗಳು ಅಡ್ಡದಾರಿಯಲ್ಲಿ ಹೊಲದಂಚಿಗೆ ಇಳಿದು ಹೋಗುತ್ತವೆ, ಆ ದಾರಿಯಲ್ಲಿ ನಮ್ಮ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತದೆ. ಡಾಂಬರು ರಸ್ತೆಯಲ್ಲಿ ಗಡಿಯವರೆಗೆ ಬಂದೆವು. ಅಲ್ಲಿ ಸೇಲ್ಸ್‌ಮನ್ ಮೊದಲ ಸಲ ಬೇಡ ಅಂದ. ಡೆಮೊ ಗಾಡಿ ಮಹಾರಾಷ್ಟ್ರದೊಳಗೆ ಹೋಗುವಂತಿಲ್ಲ, ಕಂಪನಿಯವರಿಗೆ ಕೂತಲ್ಲೇ ಕಾಣುತ್ತದೆ, ನನ್ನ ನೌಕರಿ ಹೋಗುತ್ತದೆ ಸರ್ ಎಂದ. ಮಗ ಮೊದಲು ಬೈದ, ಆಮೇಲೆ ವಿನಂತಿಸಿದ, ಕೊನೆಗೆ ಗಾಡಿ ಬದಿಗೆ ನಿಲ್ಲಿಸಿದ. ಯಾರ ಮೇಲೆ ಸಿಟ್ಟು ಮಾಡಲಿ? ಆ ಸೇಲ್ಸ್‌ಮನ್ನನಿಗೂ ಮನೆಯಲ್ಲಿ ಮಕ್ಕಳಿದ್ದವು.

ಸೀಟು ಮಡಚಿ ಅವಳನ್ನು ಇಳಿಸಿದರು. ನಾನು ಒಳಗೇ ಉಳಿದೆ. ಉದಗೀರಿಗೆ ಹೋಗುವ ಜೀಪೊಂದು ನಿಂತಿತು. ಒಳಗೆ ಜಾಗವಿರಲಿಲ್ಲ, ಹಿಂದಿನ ಫುಟ್‌ಬೋರ್ಡಿನ ಮೇಲೆ ನಿಂತುಕೊಂಡು ಹೋದಳು. ಗಂಟು ಹಿಡಿದ ಕೈಯನ್ನೇ ನಮ್ಮ ಕಡೆಗೆ ಅಲ್ಲಾಡಿಸಿದಳು.

ಔರಾದಿನ ಮೇಲಿಂದ ಮನೆಗೆ ಬಂದೆವು. ಫುಲ್ ಲೋಡಿನಲ್ಲಿಯೂ ಎಂಜಿನ್ ಸ್ಮೂತ್ ಇದೆ ಎಂದು ಮಗ ಒಪ್ಪಿಕೊಂಡ. ಮೂರನೆಯ ಸಾಲು ಹೇಗಿತ್ತು ಮಮ್ಮಿ ಎಂದು ಸೊಸೆ ಕೇಳಿದಳು. ಕಂಫರ್ಟಬಲ್ ಎಂದೆ. ಬೇರೆ ಯಾವ ಉತ್ತರ ಅವಳ ಕೆಲಸಕ್ಕೆ ಬರುತ್ತಿತ್ತು? ಕಾರು ಬುಕ್ ಆಯಿತು.

ವಾರ ಕಳೆದು ಕಬ್ಬಿಗೆ ಹೋದವಳ ಫೋನ್ ಬಂತು. ಅವರ ಕ್ಯಾಂಪು ಹುಡುಕಿ ಮುಟ್ಟಿದ್ದಳು. ಮುಕಾದಮ ಅವಳನ್ನು ಜೋಡಿಗೆ ಸೇರಿಸಿಕೊಂಡಿದ್ದ. ಆದರೆ ಮಗಳನ್ನು ಊರಿಗೆ ಕರೆತರುವವರು ಯಾರೂ ಇಲ್ಲ. ಒಬ್ಬರು ಬಿಟ್ಟು ಬಂದರೂ ಕತ್ತಿ ನಿಲ್ಲುತ್ತದೆ. ಹೀಗಾಗಿ ಮೂವರೂ ಅಲ್ಲೇ. ಹುಡುಗಿ ಯಾರ ಲೆಕ್ಕದಲ್ಲೂ ಇಲ್ಲದೆ ಕಬ್ಬಿನ ಸೋಗೆ ಕಟ್ಟುತ್ತಿದ್ದಳು. ನಾನು ಯಾರನ್ನಾದರೂ ಕಳಿಸುತ್ತೇನೆ ಎಂದೆ. ಮಗನಿಗೆ ಹೇಳಿದೆ, ನೋಡೋಣ ಅಂದ; ರಿಗ್ಗುಗಳು ಹಗಲೂ ರಾತ್ರಿ ಓಡುತ್ತಿದ್ದವು. ಶಿಕ್ಷಣ ಇಲಾಖೆಗೆ ಫೋನ್ ಮಾಡಿ ನನ್ನ ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಖರ್ಚು ಮಾಡಿದೆ. ಗುಳೆ ಹೋದವರ ಮಕ್ಕಳಿಗೆ ಹಾಸ್ಟೆಲ್ ಇದೆ ಮೇಡಂ, ಮಗು ಇಲ್ಲಿದ್ದರೆ ಇವತ್ತೇ ಸೇರಿಸಿಕೊಳ್ಳುತ್ತೇವೆ ಎಂದು ಆ ಕಡೆಯವರು ಬಹಳ ಸೌಜನ್ಯದಿಂದ ಹೇಳಿದರು.

ಇನ್ನೊಂದು ಸಲ ಫೋನ್ ಬಂದಾಗ ಹುಡುಗಿಯೇ ಮಾತಾಡಿದಳು. ಗಾಳಿಯ ಸದ್ದಿನಲ್ಲಿ ದನಿ ಹೋಗಿ ಬಂದು ಮಾಡುತ್ತಿತ್ತು.

“ಆಯಿ, ಅರ್ಧವಾರ್ಷಿಕ ಪರೀಕ್ಷಾ ಯಾವಾಗ ಅದ ಕೇಳಿ ಹೇಳ್ತೀರೇನ್ರಿ? ತಾರೀಖ್ ಹೇಳು, ಬಿಟ್ಟು ಬರ್ತೇನಿ ಅಂತ ಅಪ್ಪ ಅಂದಾನ.”

ಶಾಲೆಯ ನಂಬರು ಹುಡುಕಿ, ಹೆಡ್‌ಮಾಸ್ತರರನ್ನು ಕೇಳಿ, ತಾರೀಖು ತಿಳಿದುಕೊಂಡೆ. ಮತ್ತೆ ಅವಳ ನಂಬರಿಗೆ ಹಚ್ಚಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಮರಾಠಿಯಲ್ಲಿ ಬಂತು. ಪರೀಕ್ಷೆಯ ದಿನ ಬೆಳಿಗ್ಗೆಯವರೆಗೂ ಹಚ್ಚುತ್ತಲೇ ಇದ್ದೆ.