ಥ್ರಾಸಿಮನ ವಂಶಾವಳಿ

ನಮ್ಮ ಕಡಲತೀರದ ಪಾಳೆಯದಲ್ಲಿ ಥ್ರಾಸಿಮನಿಗಿಂತ ದೊಡ್ಡ ವೀರರಿದ್ದರು, ಅವನದಕ್ಕಿಂತ ಉದ್ದದ ವಂಶಾವಳಿ ಮಾತ್ರ ಯಾರಿಗೂ ಇರಲಿಲ್ಲ. ಈಟಿ ಎಸೆಯುವ ಮುನ್ನ ತಂದೆ ತಾತಂದಿರ ಹೆಸರು ಹೇಳುವುದು ನಮ್ಮೆಲ್ಲರ ರೂಢಿ, ಇವನು ಮುತ್ತಾತನ ಮದುವೆಗೆ ಬರುವಷ್ಟರಲ್ಲಿ ಎದುರಾಳಿ ಗುರಾಣಿಯನ್ನು ನೆಲಕ್ಕೂರಿ, "ಲೋ, ಹೊಡೀತೀಯೋ, ನಾನು ಊಟಕ್ಕೆ ಹೋಗ್ಲೋ?" ಎಂದು ಕೂಗುತ್ತಿದ್ದ. "ಇರಯ್ಯಾ, ನಮ್ಮ ಮೂಲಪುರುಷ ಕಡಲದೇವರು ಇನ್ನೂ ಬಂದೇ ಇಲ್ಲ!" ಎಂದು ಇವನು ಗದರುತ್ತಿದ್ದ. ಔತಣದಲ್ಲಿ ದೊಡ್ಡ ವೀರನಿಗೆಂದು ಎತ್ತಿಡುವ ಹೋರಿಯ ಬೆನ್ನಿನ ಮಾಂಸ ಬೇರೆಯವರ ಪಾಲಾದರೆ ಮುಗಿಯಿತು: "ಕ್ಲಿಯೋನನ ಮಗನಾದ ನನಗೆ ಪಕ್ಕೆಲುಬಾ?" ಎಂದು ಡೇರೆ ಸೇರಿ, ಯಾರಾದರೂ ಬಂದು ರಮಿಸಲೆಂದು ಪರದೆ ತೆರೆದಿಟ್ಟುಕೊಂಡೇ ಮುನಿಸಿಕೊಳ್ಳುತ್ತಿದ್ದ. ಹೋಗುತ್ತಿದ್ದವನು ಸಾರಥಿ ಮೈರೋನ ಒಬ್ಬನೇ. ಅವನು ಸಂತೆಯಲ್ಲಿ ಕೊಂಡುತಂದ ಆಳು. ತಂದೆ ಯಾರೆಂದು ಅವನಿಗೇ ಗೊತ್ತಿರಲಿಲ್ಲ. "ಏಳಿ ಧಣೀ, ಕುದುರೆಗಳು ನಗ್ತಿವೆ" ಎಂದು ಎಬ್ಬಿಸಿ ಕರೆತರುತ್ತಿದ್ದ. ಮೊನ್ನೆ ಬಾಣ ತಾಗಿ ಮೈರೋನ ಸತ್ತ. ಚಿತೆಗೆ ಬೆಂಕಿಯಿಡುವ ಮುನ್ನ ಹೆಸರು ಸಾರುವವನು, "ಇವನು ಯಾರ ಮಗ?" ಎಂದು ಕೇಳಿದ. ಥ್ರಾಸಿಮ ಗಂಟಲು ಸರಿಮಾಡಿಕೊಂಡು, "ಕ್ಲಿಯೋನನ ಮಗ" ಎಂದು ಶುರುಮಾಡಿ, ಕಡಲದೇವರ ತನಕ ಒಂದು ಹೆಸರನ್ನೂ ಬಿಡದೆ ಹೇಳಿದ. ಬೇಗ ಮುಗಿಸು ಎಂದು ಯಾರೂ ಅನ್ನಲಿಲ್ಲ.