ಪಂಪ್‌ಸೆಟ್ಟಿನ ಆಯಿಲ್

ನಾಲ್ಕು ವರ್ಷದ ಹಿಂದೆ, ನನಗೆ ಅರವತ್ತಾರು. ಮಗಳು ಹಳೇ ಕಾರಿಗೆ ಇಂಜಿನ್ನಿನ ಬಲ ಹೆಚ್ಚಿಸುವ ಟರ್ಬೊ ಕೂರಿಸಿ ಹುಣಸೂರಿನ ಮಣ್ಣಿನ ರೇಸಿಗೆ ಸಿದ್ಧ ಮಾಡಿದ್ದಳು. ಅವಳು ತೆಳು ಆಯಿಲ್ ತರಲು ಹೋದಾಗ ನಾನು ಪಂಪ್‌ಸೆಟ್ಟಿನ ದಪ್ಪ ಆಯಿಲನ್ನೇ ಇಂಜಿನ್ನಿಗೆ ಸುರಿದೆ. ದಪ್ಪಗಿದ್ದರೆ ಹೊಗೆ ಬರುವುದಿಲ್ಲವೆಂದು ನಂಬಿದ್ದೆ.

ಮಗಳು ಬಂದವಳೇ ಖಾಲಿ ಡಬ್ಬ ನೋಡಿ ಕೇಳಿದಳು, "ಅವ್ವಾ, ಸ್ಟಾರ್ಟ್ ಮಾಡ್ದ್ಯಾ?"

"ಇಲ್ಲ ಕಣೆ."

"ಬದುಕ್ದೆ. ಈ ದಪ್ಪ ಆಯಿಲ್ ಬೇಗ ಏರಲ್ಲ, ಟರ್ಬೊ ಸುಟ್ಟೋಯ್ತದೆ."

"ನಿಮ್ಮಪ್ಪನ ಪಂಪ್‌ಸೆಟ್ ಸುಟ್ಟೋಯ್ತಾ?"

"ಅದು ಬಾವಿತಾವ ಕೂತಿತ್ತು ಕಣವ್ವ, ಇದು ಓಡ್ಬೇಕು. ಬುಡು, ಬೆಳಿಗ್ಗೆ ಇಳಿಸ್ತೀನಿ."

ರೇಸು ನಾಡಿದ್ದು. ಯಾರಾದರೂ ಇಂಜಿನ್ ಚಾಲೂ ಮಾಡಿಬಿಟ್ಟಾರೆಂದು ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡು ಸಂಜೆಯೆಲ್ಲ ಕಾರಿನ ಸುತ್ತಲೇ ತಿರುಗಿದೆ. ಕೂರಲಾಗಲಿಲ್ಲ, ಊಟ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಕಾರಿನಡಿ ತೂರಿ, ಇಂಜಿನ್ನಿನ ತಳದ ಬೋಲ್ಟು ಬಿಚ್ಚಿ, ಆಯಿಲನ್ನೆಲ್ಲ ಬೋಗುಣಿಗೆ ಇಳಿಸಿದೆ.